ಕೋಪಸೂಚಕ ನುಡಿಗಳು (ಕನ್ನಡ ಮತ್ತು ತೆಲುಗು)

ಕೋಪಸೂಚಕ ನುಡಿಗಳು ಎಂದರೆ ಸಿಟ್ಟು, ಮುನಿಸು, ಸಿಡುಕು, ಹಗೆ ಮೊದಲಾದ ಭಾವಗಳನ್ನು ವ್ಯಕ್ತಪಡಿಸುವ ಪದಗಳು, ನುಡಿಗಟ್ಟುಗಳು ಮತ್ತು ಗಾದೆಗಳು. ಕರ್ನಾಟಕದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಕನ್ನಡ ಹಾಗೂ ತೆಲುಗು ಭಾಷೆಗಳೆರಡೂ ದಿನಬಳಕೆಯಲ್ಲಿವೆ. ಆದ್ದರಿಂದ ಈ ಭಾಗದಲ್ಲಿ ಕೋಪವನ್ನು ಹೇಳುವ ನುಡಿಗಳು ಜೋಡಿಜೋಡಿಯಾಗಿ ಸಿಗುತ್ತವೆ. ಎರಡು ಭಾಷೆಗಳ ವಾಕ್ಯರಚನೆ ಮತ್ತು ರೂಪಕಗಳು ಬಹುಮಟ್ಟಿಗೆ ಒಂದೇ ಬಗೆಯವು. ಅರ್ಥ ತಪ್ಪುವುದು ಸಾಮಾನ್ಯವಾಗಿ ಕಿವಿಗೆ ಒಂದೇ ಆಗಿ ಕೇಳುವ ಪದಗಳಲ್ಲಿ. ಈ ಲೇಖನದಲ್ಲಿ ತೆಲುಗು ಪದಗಳನ್ನು ಕನ್ನಡ ಲಿಪಿಯಲ್ಲಿ, ನಿಘಂಟುಗಳಲ್ಲಿ ಕಾಣುವ ರೂಪದಲ್ಲಿ ಕೊಡಲಾಗಿದೆ. ಮನೆಮಾತಿನ ಉಚ್ಚಾರಣೆ ಊರಿಂದೂರಿಗೆ ಬದಲಾಗುತ್ತದೆ.

ಭಾಷಿಕ ಹಿನ್ನೆಲೆ

2007ರಲ್ಲಿ ಕೋಲಾರ ಜಿಲ್ಲೆಯನ್ನು ವಿಭಜಿಸಿ ಚಿಕ್ಕಬಳ್ಳಾಪುರ ಜಿಲ್ಲೆಯನ್ನು ರಚಿಸಲಾಯಿತು. ಗೌರಿಬಿದನೂರಿಗೆ ಹಿಂದೂಪುರವೂ ಚಿಂತಾಮಣಿಗೆ ಮದನಪಲ್ಲಿಯೂ ಹತ್ತಿರದ ಆಂಧ್ರ ಪಟ್ಟಣಗಳು. ಮನೆಯಲ್ಲಿ ತೆಲುಗು, ಶಾಲೆ ಮತ್ತು ಕಚೇರಿಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎಂಬ ಬಳಕೆ ಇಲ್ಲಿ ಸಾಮಾನ್ಯ. ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣರು ತೆಲುಗು ಮತ್ತು ಕನ್ನಡಗಳೆರಡರಲ್ಲೂ ರಚನೆ ಮಾಡಿದ್ದು ಈ ಇಬ್ಭಾಷಾ ಪರಂಪರೆ ಹೊಸದಲ್ಲವೆಂಬುದನ್ನು ತೋರಿಸುತ್ತದೆ. ಎರಡೂ ದ್ರಾವಿಡ ಭಾಷೆಗಳಾಗಿದ್ದು, ಅವುಗಳ ಲಿಪಿಗಳಿಗೂ ಒಂದೇ ಮೂಲವಿದೆ.

ಬರುವ ಕೋಪ, ಮಾಡುವ ಕೋಪ

ಕನ್ನಡದಲ್ಲಿ ‘ನನಗೆ ಕೋಪ ಬಂತು’ ಎನ್ನುತ್ತಾರೆ, ತೆಲುಗಿನಲ್ಲಿ ‘ನಾಕು ಕೋಪಂ ವಚ್ಚಿಂದಿ’ ಎನ್ನುತ್ತಾರೆ. ಎರಡರಲ್ಲೂ ಕೋಪವೇ ಕರ್ತೃ. ಕೋಪಗೊಂಡ ವ್ಯಕ್ತಿ ಚತುರ್ಥಿ ವಿಭಕ್ತಿಯಲ್ಲಿ ನಿಲ್ಲುತ್ತಾನೆ. ಹಸಿವು, ನಿದ್ದೆ, ಜ್ವರಗಳು ಬರುವಂತೆಯೇ ಕೋಪವೂ ಬರುತ್ತದೆ ಮತ್ತು ಯಾರ ‘ಮೇಲೆ’ ಬಂದಿತೋ ಅವರ ಮೇಲೆ ಕೂರುತ್ತದೆ. ತೆಲುಗಿನಲ್ಲಿ ಈ ‘ಮೇಲೆ’ಯ ಸ್ಥಾನದಲ್ಲಿರುವುದು ‘ಮೀದ’.

ಇದಕ್ಕೆ ಎದುರಾಗಿ ಮುನಿ, ರೇಗು, ಕೆರಳು, ಸಿಡುಕು ಎಂಬ ಕನ್ನಡ ಕ್ರಿಯಾಪದಗಳಲ್ಲಿ ವ್ಯಕ್ತಿಯೇ ಕರ್ತೃ: ‘ಅವನು ರೇಗಿದ’, ‘ಅವಳು ಮುನಿದಳು’. ತೆಲುಗಿನಲ್ಲಿ ಕೋಪ್ಪಡು, ಅಲುಗು, ಮಂಡಿಪಡು ಎಂಬವು ಈ ಗುಂಪಿಗೆ ಸೇರುತ್ತವೆ. ‘ಅವನಿಗೆ ಸಿಟ್ಟು ಬಂತು’ ಎಂಬುದಕ್ಕೂ ‘ಅವನು ರೇಗಿದ’ ಎಂಬುದಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. ಮೊದಲನೆಯದು ಒಳಗೇ ಉಳಿದಿರಬಹುದು, ಎರಡನೆಯದು ಎದುರಿನವರಿಗೆ ಕೇಳಿಸಿರುತ್ತದೆ.

ಪದಗಳ ಛಾಯೆ

ಕೋಪ, ಕ್ರೋಧ, ರೋಷ ಎಂಬವು ಸಂಸ್ಕೃತದಿಂದ ಬಂದು ಎರಡೂ ಭಾಷೆಗಳಲ್ಲಿ ನೆಲೆಸಿದ ಪದಗಳು. ಇವುಗಳಲ್ಲಿ ಮಾತಿನಲ್ಲಿ ಸಲೀಸಾಗಿ ಬಳಕೆಯಾಗುವುದು ಕೋಪ. ಕ್ರೋಧವು ಅರಿಷಡ್ವರ್ಗದಲ್ಲಿ ಒಂದು. ರಸಸಿದ್ಧಾಂತದಲ್ಲಿ ಅದು ರೌದ್ರರಸದ ಸ್ಥಾಯೀಭಾವ. ಹೀಗಾಗಿ ಪುರಾಣ, ಪ್ರವಚನ ಮತ್ತು ಕಾವ್ಯವಿಮರ್ಶೆಯ ಆಚೆಗೆ ಅದರ ಬಳಕೆ ಕಡಿಮೆ.

ಮುನಿಸು ಅಚ್ಚಕನ್ನಡದ ಪದ. ತಮಿಳಿನ ‘ಮುನಿವು’ ಇದರ ಸೋದರಪದ. ಇಂದಿನ ಕನ್ನಡದಲ್ಲಿ ಮುನಿಸು ಆಪ್ತರ ನಡುವಿನ ಕೋಪಕ್ಕೆ ಹೆಚ್ಚು ಸಲ್ಲುತ್ತದೆ. ಅಪರಿಚಿತರ ಮೇಲೆ ಸಿಟ್ಟು ಬರುತ್ತದೆಯೇ ಹೊರತು ಮುನಿಸು ಬರುವುದಿಲ್ಲ. ಋಷಿ ಎಂಬ ಅರ್ಥದ ‘ಮುನಿ’ ಸಂಸ್ಕೃತದ್ದು. ಇದಕ್ಕೂ ಕನ್ನಡದ ‘ಮುನಿ’ ಧಾತುವಿಗೂ ಸಂಬಂಧವಿಲ್ಲ. ಈ ಸೀಮೆಯಲ್ಲಿ ಹೇರಳವಾಗಿರುವ ಮುನಿಯಪ್ಪ, ಮುನಿಯಮ್ಮ, ಮುನಿರಾಜು, ಮುನಿಸ್ವಾಮಿ ಎಂಬ ಹೆಸರುಗಳು ಮುನೇಶ್ವರ ದೇವರಿಂದ ಬಂದವು, ಕೋಪದಿಂದಲ್ಲ. ಮುಂಗೋಪಿಯನ್ನು ದೂರ್ವಾಸ ಮುನಿ ಎಂದು ಕರೆಯುವಾಗ ಮಾತ್ರ ಎರಡು ‘ಮುನಿ’ಗಳು ಆಕಸ್ಮಿಕವಾಗಿ ಒಂದೆಡೆ ಸೇರುತ್ತವೆ.

ಕನ್ನಡದ ಕಿನಿಸು ಮತ್ತು ತೆಲುಗಿನ ಕಿನುಕ ಒಂದೇ ಬೇರಿನವು. ಎರಡೂ ಇಂದು ಬರಹದಲ್ಲಷ್ಟೇ ಉಳಿದಿವೆ ಎನ್ನಬಹುದು. ‘ರೇಗು’ ಎರಡೂ ಭಾಷೆಗಳಲ್ಲಿದೆ, ಆದರೆ ವ್ಯಾಪ್ತಿ ಬೇರೆ. ತೆಲುಗಿನಲ್ಲಿ ಧೂಳು ರೇಗುತ್ತದೆ, ಗಾಯ ರೇಗುತ್ತದೆ, ಮನುಷ್ಯನೂ ರೇಗುತ್ತಾನೆ. ಕನ್ನಡದಲ್ಲಿ ರೇಗುವುದು ಮನುಷ್ಯ ಮಾತ್ರ. ಧೂಳು ಏಳುತ್ತದೆ, ಹುಣ್ಣು ಕೆರಳುತ್ತದೆ.

ತೆಲುಗಿನ ಅಲಕವು ಪ್ರೀತಿಪಾತ್ರರ ಮುಂದೆ ಮಾತುಬಿಟ್ಟು, ಮುಖ ತಿರುಗಿಸಿ, ಅವರೇ ಬಂದು ರಮಿಸಲೆಂದು ಕಾಯುವ ಕೋಪ. ಇದಕ್ಕೆ ಹತ್ತಿರದ ಕನ್ನಡ ಪದ ಹುಸಿಮುನಿಸು. ಆದರೆ ಅಲಕದಲ್ಲಿ ಹುಸಿ ಇರಲೇಬೇಕೆಂದಿಲ್ಲ. ನಂದಿ ತಿಮ್ಮನನ ‘ಪಾರಿಜಾತಾಪಹರಣಮು’ ಕಾವ್ಯದ ಸತ್ಯಭಾಮೆಯ ಅಲಕ ತೆಲುಗು ಸಾಹಿತ್ಯದಲ್ಲಿ ಪ್ರಸಿದ್ಧ. ತೆಲುಗರ ಮದುವೆಗಳಲ್ಲಿ ಹೊಸ ಅಳಿಯನು ಉಡುಗೊರೆ ಸಿಗುವವರೆಗೆ ಮುನಿದು ಕೂರುವ ‘ಅಲಕ ಪಾನ್ಪು’ ಎಂಬ ಶಾಸ್ತ್ರವೂ ಉಂಟು. ಪಾನ್ಪು ಎಂದರೆ ಹಾಸಿಗೆ. ಸೋತವನ, ಕೈಲಾಗದವನ, ಅಳು ಬೆರೆತ ಸಿಟ್ಟಿಗೆ ತೆಲುಗಿನಲ್ಲಿ ಉಕ್ರೋಷಂ ಎಂಬ ಪದವಿದೆ. ಕನ್ನಡದಲ್ಲಿ ಇದನ್ನು ಒಂದೇ ಪದದಲ್ಲಿ ಹೇಳುವುದು ಕಷ್ಟ.

ಬೆಂಕಿ ಮತ್ತು ದೇಹ

ಎರಡೂ ಭಾಷೆಗಳಲ್ಲಿ ಕೋಪವೆಂದರೆ ಬೆಂಕಿ. ಕನ್ನಡದಲ್ಲಿ ಕಿಡಿಕಿಡಿಯಾಗು, ಕೆಂಡ ಕಾರು, ಕೆಂಡಾಮಂಡಲವಾಗು ಎಂಬ ನುಡಿಗಳಿವೆ. ತೆಲುಗಿನಲ್ಲಿ ‘ನಿಪ್ಪುಲು ಚೆರುಗು’ ಎನ್ನುತ್ತಾರೆ, ಅಂದರೆ ಕೆಂಡವನ್ನು ಮೊರದಲ್ಲಿ ಕೇರುವುದು. ಕನ್ನಡಿಗನ ಕೋಪ ಬಾಯಿಂದ ಹೊರಬಂದರೆ ತೆಲುಗನದು ಮೊರದಿಂದ ಹಾರುತ್ತದೆ. ‘ಅಗ್ಗಿ ಮೀದ ಗುಗ್ಗಿಲಂ’ ಎಂಬುದು ಥಟ್ಟನೆ ಭುಗಿಲೇಳುವವರಿಗೆ ಹೇಳುವ ಮಾತು. ಗುಗ್ಗಿಲಂ ಎಂದರೆ ಕನ್ನಡದ ಗುಗ್ಗುಳ, ಬೆಂಕಿಗೆ ಹಾಕಿದೊಡನೆ ಹೊತ್ತಿಕೊಳ್ಳುವ ಮರದಂಟು. ಜಗಳ ಹೆಚ್ಚಿಸುವವರನ್ನು ಕನ್ನಡದಲ್ಲಿ ‘ಉರಿಯುವ ಬೆಂಕಿಗೆ ತುಪ್ಪ ಸುರಿದರು’ ಎಂದು ಬಣ್ಣಿಸಿದರೆ, ತೆಲುಗಿನಲ್ಲಿ ‘ಅಗ್ನಿಕಿ ಆಜ್ಯಂ ಪೋಸಿನಟ್ಟು’ ಎನ್ನುತ್ತಾರೆ. ಆಜ್ಯವೂ ತುಪ್ಪವೇ.

ಬೆಂಕಿ ದೇಹದಲ್ಲಿ ಎಲ್ಲಿದೆ ಎಂಬುದರ ಮೇಲೆ ಭಾವವೂ ಬದಲಾಗುತ್ತದೆ. ಮೈ ಉರಿದರೆ (ತೆಲುಗಿನಲ್ಲಿ ಒಳ್ಳು ಮಂಡಿದರೆ) ಕೋಪ. ಹೊಟ್ಟೆ ಉರಿದರೆ (ಕಡುಪು ಮಂಡಿದರೆ) ಅಸೂಯೆ ಅಥವಾ ಸಂಕಟ. ಈ ಗೆರೆಯನ್ನು ಎರಡು ಭಾಷೆಗಳೂ ಒಂದೇ ಕಡೆ ಎಳೆದಿವೆ. ಕೋಪ ತಲೆಗೇರಲು ಕನ್ನಡದಲ್ಲಿ ಪಿತ್ತ ನೆತ್ತಿಗೇರಬೇಕು, ತೆಲುಗಿನಲ್ಲಿ ‘ಅರಿಕಾಲಿ ಮಂಟ ನೆತ್ತಿಕೆಕ್ಕಬೇಕು’, ಎಂದರೆ ಅಂಗಾಲಿನ ಉರಿ ನೆತ್ತಿಯನ್ನು ಮುಟ್ಟಬೇಕು. ಬೇಗನೆ ಸಿಟ್ಟಾಗುವವರಿಗೆ ಎರಡರಲ್ಲೂ ಮೂಗೇ ಗುರುತು: ‘ಮೂಗಿನ ತುದಿಯಲ್ಲೇ ಕೋಪ’, ‘ಮುಕ್ಕು ಮೀದ ಕೋಪಂ’. ಕಣ್ಣು ಕೆಂಪಾಗುವುದು ತೆಲುಗಿನಲ್ಲಿ ‘ಕಳ್ಳೆರ್ರ ಚೇಯು’.

ಕೋಪದ ಸದ್ದುಗಳೂ ಹೀಗೆಯೇ ಜೊತೆಯಾಗಿವೆ. ಹಾವಿನಂತೆ ಬುಸುಗುಟ್ಟುವುದು ತೆಲುಗಿನಲ್ಲಿ ಬುಸಕೊಟ್ಟು, ಧುಮುಗುಡುವುದು ಧುಮಧುಮಲಾಡು. ಒಗ್ಗರಣೆಯ ಸಾಸಿವೆಯ ಸದ್ದಾದ ಚಿಟಪಟದಿಂದ ತೆಲುಗರು ಸಿಡುಕುವುದಕ್ಕೆ ‘ಚಿಟಪಟಲಾಡು’ ಎಂಬ ಕ್ರಿಯಾಪದವನ್ನು ಮಾಡಿಕೊಂಡಿದ್ದಾರೆ. ಕನ್ನಡದ ಸಿಡಿಮಿಡಿಯಲ್ಲಿಯೂ ಸಿಡಿಯುವುದೇ ಇದೆ.

ದಾರಿ ತಪ್ಪಿಸುವ ಪದಗಳು

ಇಬ್ಭಾಷಾ ವಿದ್ಯಾರ್ಥಿಗಳಿಗೂ ಅನುವಾದಕರಿಗೂ ಹೆಚ್ಚು ತೊಡಕಾಗುವ ಪದ ‘ಆಗ್ರಹ’. ತೆಲುಗಿನ ಆಗ್ರಹಂ ಎಂದರೆ ಕಡುಕೋಪ. ಕನ್ನಡದಲ್ಲಿಯೂ ಈ ಅರ್ಥ ನಿಘಂಟುಗಳಲ್ಲಿ ಸಿಗುತ್ತದೆ. ಆದರೆ ಇಂದಿನ ಪತ್ರಿಕಾ ಕನ್ನಡದಲ್ಲಿ ಆಗ್ರಹವೆಂದರೆ ಪಟ್ಟು ಹಿಡಿದ ಒತ್ತಾಯ. ಬಯಲುಸೀಮೆಯ ಈ ಜಿಲ್ಲೆಯಲ್ಲಿ ‘ಶಾಶ್ವತ ನೀರಾವರಿಗೆ ರೈತರ ಆಗ್ರಹ’ ಎಂಬ ಬಗೆಯ ತಲೆಬರಹ ಪರಿಚಿತ. ಕನ್ನಡ ಓದುಗನಿಗೆ ಅದು ಬೇಡಿಕೆ. ತೆಲುಗಿನಲ್ಲಿ ‘ರೈತುಲ ಆಗ್ರಹಂ’ ಎಂದರೆ ರೈತರು ಕೆರಳಿದ್ದಾರೆಂದೇ ಅರ್ಥ. ಮನವಿಯನ್ನು ಕೋಪವೆಂದೂ ಕೋಪವನ್ನು ಮನವಿಯೆಂದೂ ಓದಿಕೊಳ್ಳುವ ಅಪಾಯ ಇಲ್ಲಿ ನಿಜವಾದದ್ದು. ಒತ್ತಾಯದ ಅರ್ಥ ತೆಲುಗಿನಲ್ಲಿ ಪೂರ್ತಿ ಇಲ್ಲವಾಗಿಲ್ಲ. ಸತ್ಯಾಗ್ರಹ ಎಂಬ ಸಮಾಸದಲ್ಲಿ ಅದು ಎರಡೂ ಭಾಷೆಗಳಲ್ಲಿ ಉಳಿದಿದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಪೊಲೀಸ್ ಗೋಲಿಬಾರಿಗೆ ಗುರಿಯಾದ ಧ್ವಜ ಸತ್ಯಾಗ್ರಹವನ್ನು ಯಾವ ಭಾಷೆಯಲ್ಲಿಯೂ ಯಾರೂ ‘ಸತ್ಯದ ಕೋಪ’ ಎಂದು ಅರ್ಥೈಸುವುದಿಲ್ಲ.

ಎರಡನೆಯದು ‘ಕಸಿ’. ತೆಲುಗಿನಲ್ಲಿ ಇದು ಒಳಗೊಳಗೇ ಇಟ್ಟುಕೊಂಡ ಛಲದ ಹಗೆ. ಕನ್ನಡದಲ್ಲಿ ಗಿಡಕ್ಕೆ ಕಟ್ಟುವ ಕಸಿ. ತೆಲುಗಿನ ಕಸಿಗೆ ಕನ್ನಡದಲ್ಲಿ ಸೇಡು, ಹಗೆ ಅಥವಾ ‘ಹಲ್ಲು ಮಸೆ’ ಎಂಬ ನುಡಿಗಟ್ಟು ಸರಿಹೊಂದುತ್ತದೆ. ಹಗೆಯ ತೆಲುಗು ರೂಪ ಪಗ. ಹಳಗನ್ನಡದಲ್ಲಿಯೂ ಅದು ‘ಪಗೆ’ಯೇ ಆಗಿತ್ತು, ಪದಾದಿಯ ಪಕಾರವು ಮುಂದೆ ಹಕಾರವಾಯಿತು. ಹಲ್ಲು ಕಡಿಯುವುದು ತೆಲುಗಿನಲ್ಲಿ ‘ಪಳ್ಳು ನೂರು’. ಇಲ್ಲಿ ನೂರು ಎಂದರೆ ಅರೆಯುವುದು, ಸಂಖ್ಯೆಯಲ್ಲ. ಮಂಡಿಪಡು ಎಂಬುದಕ್ಕೂ ಕನ್ನಡದ ಮಂಡಿಗೂ ನಂಟಿಲ್ಲ, ತೆಲುಗಿನ ‘ಮಂಡು’ ಎಂದರೆ ಉರಿ. ಕಡುಪು ತೆಲುಗಿನಲ್ಲಿ ಹೊಟ್ಟೆಯಾದರೆ ಹಳಗನ್ನಡದಲ್ಲಿ ತೀವ್ರತೆ, ಉಗ್ರತೆ.

ಗಾದೆಗಳು

ಗಾದೆಗಳನ್ನು ಪದಕ್ಕೆ ಪದವಿಟ್ಟು ಅನುವಾದಿಸಿದರೆ ಅವು ಉಳಿಯುವುದಿಲ್ಲ ಎಂಬುದಕ್ಕೆ ಎರಡು ಜೋಡಿಗಳು ಉತ್ತಮ ನಿದರ್ಶನ. ಎದುರಿಸಲಾಗದವರ ಮೇಲಿನ ಸಿಟ್ಟನ್ನು ಪಾಪದವರ ಮೇಲೆ ತೀರಿಸಿಕೊಳ್ಳುವುದಕ್ಕೆ ಕನ್ನಡದಲ್ಲಿ ‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಎನ್ನುತ್ತಾರೆ, ತೆಲುಗಿನಲ್ಲಿ ‘ಅತ್ತ ಮೀದ ಕೋಪಂ ದುತ್ತ ಮೀದ’. ಕೊತ್ತಿ ಎಂದರೆ ಬೆಕ್ಕು, ದುತ್ತ ಎಂದರೆ ಹಾಲು ಮೊಸರಿನ ಸಣ್ಣ ಗಡಿಗೆ. ಸೊಸೆಯ ಸಿಟ್ಟಿಗೆ ಗುರಿಯಾದದ್ದು ಪ್ರಾಣಿಯೋ ಪಾತ್ರೆಯೋ ಎಂಬುದನ್ನು ನಿರ್ಧರಿಸಿರುವುದು ಪ್ರಾಸ.

ಎರಡನೆಯ ಜೋಡಿ ಇನ್ನೂ ಕಹಿ. ‘ಬಡವನ ಸಿಟ್ಟು ದವಡೆಗೆ ಮೂಲ’ ಎಂದು ಕನ್ನಡ ಹೇಳಿದರೆ, ‘ಪೇದವಾನಿ ಕೋಪಂ ಪೆದವಿಕಿ ಚೇಟು’ ಎಂದು ತೆಲುಗು ಹೇಳುತ್ತದೆ. ಪೆದವಿ ಎಂದರೆ ತುಟಿ, ಚೇಟು ಎಂದರೆ ಕೇಡು. ಬಡವ–ದವಡೆ, ಪೇದ–ಪೆದವಿ ಎಂಬ ಧ್ವನಿಸಾಮ್ಯಕ್ಕಾಗಿ ಏಟು ಬೀಳುವ ಜಾಗ ಬದಲಾಗಿದೆ, ಏಟು ತಿನ್ನುವವನು ಬದಲಾಗಿಲ್ಲ. ಇವನ್ನು ತಾಳ್ಮೆಯ ಉಪದೇಶವೆಂದು ಪಠ್ಯಗಳಲ್ಲಿ ವಿವರಿಸುವುದುಂಟು. ಆದರೆ ಗಾದೆಯ ಮಾತು ಕೋಪ ತಪ್ಪೆಂದಲ್ಲ, ಕೋಪಿಸಿಕೊಳ್ಳುವ ಹಕ್ಕು ಎಲ್ಲರಿಗೂ ಸಮನಾಗಿ ಸಿಕ್ಕಿಲ್ಲ ಎಂದು. ಎಚ್ಚರಿಕೆಯ ಗಾದೆ ಬೇಕಿದ್ದರೆ ಕನ್ನಡದಲ್ಲಿ ಬೇರೆಯೇ ಇದೆ: ‘ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು’.

ಶಮನದ ನುಡಿಗಳು

ಏರಿದ ಕೋಪ ಇಳಿಯಬೇಕು, ಉರಿದದ್ದು ಆರಬೇಕು. ಕನ್ನಡದಲ್ಲಿ ಸಿಟ್ಟು ಇಳಿಯುತ್ತದೆ, ತಗ್ಗುತ್ತದೆ, ಮನುಷ್ಯ ತಣ್ಣಗಾಗುತ್ತಾನೆ. ತೆಲುಗಿನಲ್ಲಿ ಕೋಪಂ ತಗ್ಗುತ್ತದೆ, ಚಲ್ಲಾರುತ್ತದೆ. ‘ತಗ್ಗು’ ಎರಡಕ್ಕೂ ಸಮಾನ. ಮುನಿದವರನ್ನು ಕನ್ನಡದಲ್ಲಿ ರಮಿಸುತ್ತಾರೆ, ಓಲೈಸುತ್ತಾರೆ. ತೆಲುಗಿನಲ್ಲಿ ಮಕ್ಕಳನ್ನೂ ಅಲಿಗಿದವರನ್ನೂ ‘ಬುಜ್ಜಗಿಂಚು’ತ್ತಾರೆ. ಜಮೀನಿನ ಬದು, ಬಾವಿಯ ನೀರು, ಸಾಲದ ಬಾಕಿಗಳ ಜಗಳ ಊರಿನ ಹಿರಿಯರ ಮುಂದೆ ಬಂದಾಗ ಎರಡೂ ಕಡೆಯವರು ಬಳಸುವುದು ‘ರಾಜಿ’ ಎಂಬ ಪದವನ್ನು. ಅದು ಕನ್ನಡದ್ದೂ ಅಲ್ಲ, ತೆಲುಗಿನದ್ದೂ ಅಲ್ಲ. ಅರಬ್ಬಿ ಮೂಲದಿಂದ ಬಂದು ಆಡಳಿತದ ಭಾಷೆಯ ಮೂಲಕ ಎರಡರಲ್ಲೂ ಬೆರೆತದ್ದು.