ಸ್ಲೊಖ್ತರೆನ್ನಿನ ಕಲ್ಲು

1959ರಲ್ಲಿ ನೆದರ್ಲೆಂಡ್ಸಿನ ಸ್ಲೊಖ್ತರೆನ್ ಬಳಿ ರೈತನೊಬ್ಬನ ಹೊಲದಲ್ಲಿ ಬಾವಿ ಕೊರೆದಾಗ ಸಿಕ್ಕಿದ್ದು ಪಶ್ಚಿಮ ಯುರೋಪಿನ ಅತಿದೊಡ್ಡ ಅನಿಲ ನಿಕ್ಷೇಪ. ನಿಕ್ಷೇಪ ಅಂದ್ರೆ ಗುಹೆ, ಕೆರೆ ಏನಲ್ಲ ಮತ್ತೆ! ಸುಮಾರು 3 ಕಿಲೋಮೀಟರ್ ಆಳದ ಮರಳುಗಲ್ಲು. ಪರ್ಮಿಯನ್ ಕಾಲದ ಮರುಭೂಮಿಯಲ್ಲಿ ಗಾಳಿ, ಹಳ್ಳಗಳು ತಂದು ಸುರಿದ ಮರಳು. ಕಣಗಳ ನಡುವಿನ ಸಂದುಗಳಲ್ಲೇ ಅನಿಲ, ಮೇಲೆ ಉಪ್ಪಿನ ಮುಚ್ಚಳ.

ಇದೇ ಕಲ್ಲಿನೊಳಗೆ ಉತ್ತರ ಸಮುದ್ರದ ಕೆಲವೆಡೆ ಇಲೈಟ್ ಅನ್ನೋ ಜೇಡಿ ಖನಿಜ ಕೂದಲೆಳೆಯಂತೆ ಬೆಳೆದು ಸಂದು ಕಟ್ಟಿಕೊಂಡಿದೆ. ಅನಿಲ ಇದ್ದರೂ ಸರಾಗವಾಗಿ ಹರಿಯೋದಿಲ್ಲ. ಗ್ರೋನಿಂಗೆನ್ ಕಲ್ಲಿನ ಸಂದುಗಳು ಮಾತ್ರ ಧಾರಾಳ. ಆ ಧಾರಾಳವೇ ಮುಳುವಾಯ್ತು ಅನ್ನಿ: ಅನಿಲ ತೆಗೆದಂತೆಲ್ಲ ಒತ್ತಡ ಇಳಿದು ಕಲ್ಲು ಕುಗ್ಗಿತು, ಒಳಗಿನ ಹಳೇ ಬಿರುಕುಗಳು ಜಾರಿದವು. 2012ರ ಆಗಸ್ಟ್‌ನಲ್ಲಿ ಹೌಜಿಂಗೆಯಲ್ಲಿ 3.6 ತೀವ್ರತೆಯ ಭೂಕಂಪ. ಸಾವಿರಾರು ಮನೆಗಳ ಗೋಡೆ ಬಿರಿದ ಮೇಲೆ, 2023ರ ಅಕ್ಟೋಬರ್ 1ಕ್ಕೆ ಉತ್ಪಾದನೆ ನಿಂತಿತು. ಆಮೇಲೂ ನೆಲ ಅಲುಗಿದ್ದುಂಟು.