ಗಿಟಾರ್ ಕೆಳಗಿಟ್ಟು ಹಾಡಿದ ಹಾಡು

ಮೋಟರ್‌ಹೆಡ್ ಎಂದರೆ ಕಿವಿಗಡಚಿಕ್ಕುವ ಸದ್ದು. 1975ರಲ್ಲಿ ಲಂಡನ್ನಿನಲ್ಲಿ ಲೆಮ್ಮಿ ಕಿಲ್ಮಿಸ್ಟರ್ ಕಟ್ಟಿದ ಈ ಹೆವಿ ಮೆಟಲ್ ತಂಡದ ಅಭಿಮಾನಿಗಳು ಬಯಸಿದ್ದೂ ಆ ಅಬ್ಬರವನ್ನೇ. ಅಂಥ ತಂಡ 1991ರಲ್ಲಿ ‘1916’ ಎಂಬ ಆಲ್ಬಮ್ ತಂದಿತು. ಅದರ ಕೊನೆಯ ಹಾಡಿಗೂ ಅದೇ ಹೆಸರು. ಅಲ್ಲಿ ಗಿಟಾರಿನ ಗರ್ಜನೆ ಇಲ್ಲ. ಸೆಲ್ಲೊ, ಇಗರ್ಜಿಯ ಆರ್ಗನ್ ನೆನಪಿಸುವ ಕೀಬೋರ್ಡು, ಕವಾಯತಿನ ಡ್ರಮ್ಮು; ಇವುಗಳ ನಡುವೆ ಲೆಮ್ಮಿಯ ಒರಟು ಗಂಟಲು ಮೆಲ್ಲಗೆ ಹಾಡುತ್ತದೆ.

ಹಾಡಿನ ಹಿಂದಿರುವುದು ಫ್ರಾನ್ಸಿನ ಸೋಮ್ ನದಿಯ ಕದನ. 1916ರ ಜುಲೈ 1ರ ಬೆಳಿಗ್ಗೆ ಏಳೂವರೆಗೆ ಬ್ರಿಟಿಷ್ ಸೈನಿಕರು ಕಂದಕಗಳಿಂದ ಮೇಲೆದ್ದು ಜರ್ಮನ್ ಮೆಷಿನ್‌ಗನ್ನುಗಳತ್ತ ನಡೆದರು. ಆ ಒಂದೇ ದಿನ ಸತ್ತವರು 19,240. ಗಾಯಗೊಂಡವರು, ಕಾಣೆಯಾದವರು ಸೇರಿದರೆ 57,470. ಕದನ ನಿಂತದ್ದು ನವೆಂಬರಿನಲ್ಲಿ.

ಲೆಮ್ಮಿ ಈ ಅಂಕಿಗಳನ್ನು ಬಿಟ್ಟು ಒಬ್ಬ ಹುಡುಗನನ್ನು ಹಿಡಿದುಕೊಂಡ. ಹದಿನಾರರ ಹುಡುಗ, ವಯಸ್ಸಿಗೆ ಎರಡು ವರ್ಷ ಸೇರಿಸಿ ಬರೆಸಿ ಸೈನ್ಯ ಸೇರಿದವನು. ಇದು ಕಟ್ಟುಕತೆಯಲ್ಲ. ಸೇರ್ಪಡೆಗೆ 18, ಹೊರದೇಶಕ್ಕೆ ಕಳಿಸಲು 19 ಎಂಬ ನಿಯಮವಿದ್ದರೂ, ಹಾಗೆ ಸುಳ್ಳು ಹೇಳಿ ಸೇರಿದ ಬ್ರಿಟಿಷ್ ಹುಡುಗರು ಎರಡೂವರೆ ಲಕ್ಷದಷ್ಟಿದ್ದರು ಎಂಬ ಅಂದಾಜಿದೆ. ಎತ್ತರ, ಎದೆಯಳತೆ ಸರಿಯಿದ್ದರೆ ಸಾಕು, ಎಷ್ಟೋ ಕಡೆ ಹೆಚ್ಚು ಕೇಳುತ್ತಿರಲಿಲ್ಲ.

ನಮ್ಮ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಲೆಮ್ಮಿಯ ಹಾಡಿನಲ್ಲಿ ಇರುವುದು ಕೆಳಗಿನ ಪಟ್ಟಿಕೆ ಮಾತ್ರ: ಕೆಸರು, ರಕ್ತ, ಗೆಳೆಯನನ್ನು ತಬ್ಬಿಕೊಂಡು ಅಮ್ಮನನ್ನು ಕರೆಯುವ ಹುಡುಗ. ಪದಕವಿಲ್ಲ, ಬಾವುಟವಿಲ್ಲ. ಶೌರ್ಯ ಹೊಗಳುವ ಎಷ್ಟೋ ಯುದ್ಧಗೀತೆಗಳಿಗಿಂತ ಇದರಲ್ಲಿ ಸತ್ತವರ ಮೇಲಿನ ಗೌರವ ಹೆಚ್ಚು. ಅವನು ಹೆದರಿದ್ದ ಎಂಬುದನ್ನು ಇದು ಮುಚ್ಚಿಡುವುದಿಲ್ಲ.

ತಮ್ಮ ಹೆಸರು ಈಗ ಯಾರಿಗೂ ನೆನಪಿಲ್ಲ ಎಂಬುದು ಆ ಹುಡುಗನ ಕೊನೆಯ ಅಳಲು. ಹೆಸರುಗಳೇನೋ ಇವೆ. ಸೋಮ್ ಬಯಲಿನ ಥಿಯೆಪ್ವಾಲ್ ಸ್ಮಾರಕದಲ್ಲಿ ದೇಹ ಸಿಗದ, ಗುರುತು ಹತ್ತದ 72,000ಕ್ಕೂ ಹೆಚ್ಚು ಸೈನಿಕರ ಹೆಸರುಗಳನ್ನು ಕೆತ್ತಿದ್ದಾರೆ. 1932ರಲ್ಲಿ ಅನಾವರಣಗೊಂಡ ಈ ಸ್ಮಾರಕವನ್ನು ರೂಪಿಸಿದವನು ದೆಹಲಿಯ ಇಂಡಿಯಾ ಗೇಟ್ ರೂಪಿಸಿದ ಲಟ್ಯೆನ್ಸನೇ. ಆ ಬಯಲಿನ ಮಣ್ಣಿನಲ್ಲಿ ಇಂದಿಗೂ ಅಸ್ಥಿಗಳು ಸಿಗುತ್ತವೆ. ಯಾರದೆಂದು ಗೊತ್ತಾದರೆ ಅವನಿಗೊಂದು ಸಮಾಧಿ ಕಟ್ಟಿ, ಸ್ಮಾರಕದ ಕಲ್ಲಿನಿಂದ ಅವನ ಹೆಸರು ತೆಗೆಯುತ್ತಾರೆ.