ಧಾರವಾಡದ ಗಾಯನವೂ ಬಾಜಾಪೆಟ್ಟಿಗೆಯೂ

ಮೌತ್ ಆರ್ಗನ್ನಿನೊಳಗೆ ಉಸಿರು ತಗುಲಿದೊಡನೆ ನಡುಗಿ ನುಡಿಯುವ ಲೋಹದ ನಾಲಿಗೆಗಳುಂಟು. ಪಿಯಾನೋದಲ್ಲಿ ಬೆರಳಿಗೆ ಎಟಕುವ ಕರಿ-ಬಿಳಿ ಮನೆಗಳ ಸಾಲುಂಟು. ಈ ಎರಡು ವಾದ್ಯಗಳು ಎದುರುಬದುರು ಕುಳಿತು ಸ್ವರ ಬೆಳೆಸುವ ಪದ್ಧತಿಯು ಹುಬ್ಬಳ್ಳಿ-ಧಾರವಾಡಗಳಲ್ಲಿ ಬೇರೂರಲಿಲ್ಲವಾದರೂ, ಎರಡರ ಗುಣಗಳೂ ಒಂದೇ ಪೆಟ್ಟಿಗೆಯಲ್ಲಿ ಕೂಡಿ ಇಲ್ಲಿಗೆ ಬಂದವು. ಅದೇ ಹಾರ್ಮೋನಿಯಂ; ಜನರ ಬಾಯಲ್ಲಿ ಪೇಟಿ ಅಥವಾ ಬಾಜಾಪೆಟ್ಟಿಗೆ.

ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೇನನು 1842ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದನು. ಅದನ್ನು ಕಾಲಿನಿಂದ ತಿದಿಯೊತ್ತಿ ನುಡಿಸಬೇಕಾಗಿತ್ತು. ಕಲಕತ್ತೆಯ ದ್ವಾರಕಾನಾಥ ಘೋಷರು 1875ರ ಸುಮಾರಿಗೆ ತಿದಿಯನ್ನು ಪೆಟ್ಟಿಗೆಯ ಹಿಂಬದಿಗೆ ತಂದು, ನೆಲದ ಮೇಲೆ ಕುಳಿತು ಒಂದು ಕೈಯಿಂದ ಗಾಳಿಯೂಡಿ ಇನ್ನೊಂದರಿಂದ ನುಡಿಸುವಂತೆ ಮಾಡಿದರು. ನಾಟಕ ಕಂಪನಿಗಳಲ್ಲಿ ಕಾಲುಪೆಟ್ಟಿಗೆಯೂ, ಬೈಠಕಗಳಲ್ಲಿ ಕೈಪೆಟ್ಟಿಗೆಯೂ ನೆಲೆಗೊಂಡವು. ಸವಾಯಿ ಗಂಧರ್ವರು ರಂಗಭೂಮಿಯಲ್ಲಿ ಹೆಸರಾದವರು. ಮಲ್ಲಿಕಾರ್ಜುನ ಮನ್ಸೂರರೂ ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿದ್ದವರು.

ಖ್ಯಾಲ ಗಾಯನಕ್ಕೆ ಬರೆದಿಟ್ಟ ಪಾಠವಿಲ್ಲ. ಗವಾಯಿಯು ಆಲಾಪ-ತಾನುಗಳನ್ನು ಆ ಕ್ಷಣದಲ್ಲಿಯೇ ಕಟ್ಟುವನು. ಸಾಥಿದಾರನು ಅದನ್ನು ಕೇಳುತ್ತಲೇ ನುಡಿಸಬೇಕು. ಹಾಡುವವನು ಉಸಿರೆಳೆಯುವಾಗ ಎಡೆ ತುಂಬಬೇಕು, ಮರಳಿ ದನಿಯೆತ್ತಿದೊಡನೆ ಹಿಂದೆ ಸರಿಯಬೇಕು. ಮನ್ಸೂರರು ಅಪರೂಪದ ಜೋಡುರಾಗಗಳನ್ನು ಎತ್ತಿಕೊಂಡಾಗ ಈ ಪರೀಕ್ಷೆಯು ಇನ್ನೂ ಕಠಿಣವಾಗುತ್ತಿತ್ತು. ಧಾರವಾಡದ ವಸಂತ ಕನಕಾಪುರರು ಇಂತಹ ಸಾಥಿಗೆ ಹೆಸರಾದವರು.

ಆದರೆ ಪೇಟಿಗೆ ಬಂದ ಆಕ್ಷೇಪವು ಸಣ್ಣದಲ್ಲ. ಸಪ್ತಕಕ್ಕೆ ಹನ್ನೆರಡೇ ಮನೆಗಳು. ಶ್ರುತಿಭೇದಕ್ಕೆ ಎಡೆಯಿಲ್ಲ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಇಲ್ಲ. ರವೀಂದ್ರನಾಥ ಠಾಕೂರರೂ ಇದನ್ನು ಒಲ್ಲದವರೇ. 1940ರ ಮಾರ್ಚಿನಿಂದ ಆಕಾಶವಾಣಿಯು ಹಾರ್ಮೋನಿಯಂ ಅನ್ನು ಬಹಿಷ್ಕರಿಸಿತು. 1950ರ ಜನವರಿ 8ರಂದು ಧಾರವಾಡದ ನಿಲಯವು ಆರಂಭವಾದಾಗಲೂ ಆ ಕಟ್ಟು ಜಾರಿಯಲ್ಲಿತ್ತು. ಹೀಗಾಗಿ ಬೈಠಕದಲ್ಲಿ ಗವಾಯಿಯ ಪಕ್ಕದಲ್ಲಿದ್ದ ಪೇಟಿಗೆ ಧ್ವನಿಗ್ರಾಹಕದ ಮುಂದೆ ಸ್ಥಾನವಿಲ್ಲದಾಯಿತು. ಕಟ್ಟು ಭಾಗಶಃ ಸಡಿಲಗೊಂಡದ್ದು 1971ರ ಸುಮಾರಿಗೆ.

ಆಕ್ಷೇಪವು ವಾದ್ಯದ ಮಟ್ಟಿಗೆ ನಿಜವೇ ಸರಿ. ಆದರೆ ಬಲ್ಲ ಸಾಥಿದಾರನು ಮೀಂಡನ್ನು ಅನುಕರಿಸಹೋಗದೆ ಅದನ್ನು ಗವಾಯಿಗೇ ಬಿಟ್ಟು, ಅದು ತಲುಪುವ ಸ್ವರವನ್ನು ಮಾತ್ರ ಮೆಲ್ಲನೆ ಮುಟ್ಟುವನು. ಬಹಿಷ್ಕಾರವು ಪೆಟ್ಟಿಗೆಯ ಮನೆಗಳನ್ನು ಎಣಿಸಿತು. ನುಡಿಸುವವನ ಕಿವಿಯನ್ನು ಗಣಿಸಲಿಲ್ಲ. ಧಾರವಾಡದ ಬೈಠಕಗಳು ಮಾತ್ರ ಅದನ್ನು ಮರೆಯದೆ, ಮೂರು ದಶಕಗಳ ಕಾಲ ಆ ಸಾಥಿಯನ್ನು ಉಳಿಸಿಕೊಂಡವು.